ನೋಡದೆ ಬರೆಯದ ಡೋಬ್ರಿನಾ

ಶನಿವಾರ, ಬೆಳಗಿನ ಐದೂವರೆ. ವಿದಿನ್ ಪಟ್ಟಣದ ಬೀದಿದೀಪಗಳು ಇನ್ನೂ ಉರಿಯುತ್ತಿವೆ. ಡ್ಯಾನ್ಯೂಬ್ ನದಿಯಿಂದ ಎದ್ದ ಮಂಜು ದಂಡೆಯ ಮರಗಳವರೆಗೆ ಬಂದು ನಿಂತಿದೆ. ಮಾರುಕಟ್ಟೆಯ ಹಿಂದಿನ ವಠಾರದ ಬಾಗಿಲಲ್ಲಿ ಡೋಬ್ರಿನಾ ವೆಲ್ಕೋವಾ ಒಂದು ಗಳಿಗೆ ನಿಲ್ಲುತ್ತಾರೆ. ಬಾಗಿಲ ಮೇಲೆ ಹಲ್ಲಿನ ಡಾಕ್ಟರು ಮೆತೋದಿ ಕುತ್ಸಾರೋವ್ ಅವರ, ಬೇಸಿಗೆಯಲ್ಲಿ ಅಂಟಿಸಿದ ಸಾವಿನ ಚೀಟಿ ಇದೆ: ಫೋಟೊ, ಹೆಸರು, ಹುಟ್ಟಿದ ದಿನ, ಹೋದ ದಿನ, ಕೆಳಗೆ 'ನೀವಿಲ್ಲದ ಒಂದೂವರೆ ವರ್ಷ' ಎಂಬ ಸಾಲು. ಎದ್ದುಬಂದ ಅದರ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿ ಅವರು ಮೆಟ್ಟಿಲು ಹತ್ತುತ್ತಾರೆ. ಲಿಫ್ಟು ಕೆಟ್ಟು ಎಷ್ಟು ಕಾಲವಾಯಿತೆಂದು ಯಾರಿಗೂ ನೆನಪಿಲ್ಲ.

ಮೂರನೆಯ ಮಹಡಿಯಲ್ಲಿ ಮೆಣಸಿನಕಾಯಿ ಸುಡುವ ವಾಸನೆ. ಅಕ್ಟೋಬರ್ ಬಂತೆಂದರೆ ಊರಿಗೆ ಊರೇ ಕೆಂಪು ಮೆಣಸಿನಕಾಯಿ ಸುಟ್ಟು ಚಳಿಗಾಲಕ್ಕೆ ಬಾಟಲಿ ತುಂಬುತ್ತದೆ. ಮುದುಕ ಪೆಂಚೋಗೆ ನಿದ್ದೆ ಬರುವುದಿಲ್ಲ. ಅವನು ನಸುಕಿಗೇ ಶುರು ಹಚ್ಚಿಕೊಳ್ಳುತ್ತಾನೆ.

"ಏನಮ್ಮ ಡೋಬ್ರಿನಾ, ಮೊದಲನೇ ಆಟಕ್ಕೆ ಹೊರಟ್ಯಾ?" ಬಾಗಿಲ ಸಂದಿಯಿಂದ ಅವನ ದನಿ.

"ಹೂಂ ಪೆಂಚೋ ಅಣ್ಣ. ಟಿಕೆಟ್ ಬೇಕಿತ್ತಾ?"

"ಇವತ್ತಾದ್ರೂ ನಾಯಕಿ ಬದುಕ್ತಾಳಾ?"

"ಬದುಕೋದು ಬಿಡೋದು ಅವಳಿಷ್ಟ. ಎಷ್ಟನೇ ನಿಮಿಷಕ್ಕೆ ಸಾಯ್ತಾಳೆ ಅಂತ ಬರಕೊಳ್ಳೋದಷ್ಟೇ ನನ್ನ ಕೆಲಸ."

ಇದು ತಮಾಷೆಯ ಮಾತಲ್ಲ, ಅವರ ಕೆಲಸ ನಿಜವಾಗಿಯೂ ಅದೇ. ನಾಲ್ಕನೆಯ ಮಹಡಿಯ ಡಾಕ್ಟರ ಮನೆಯಲ್ಲಿ ಅಡುಗೆಮನೆಯೊಂದನ್ನು ಬಿಟ್ಟು ಎಲ್ಲ ಗೋಡೆಗೂ ನೆಲದಿಂದ ಸೂರಿನವರೆಗೆ ಹಲಗೆ ಹೊಡೆದಿದೆ. ಹಲಗೆಗಳ ತುಂಬ ವಿಡಿಯೊ ಟೇಪುಗಳು, ಡಿಸ್ಕುಗಳು. ಒಟ್ಟು ಮೂರು ಸಾವಿರದ ನೂರ ನಲವತ್ತು. ಟಿ.ವಿಯಲ್ಲಿ ಬಂದದ್ದನ್ನು ಹಿಡಿದಿಟ್ಟದ್ದು, ಗೆಳೆಯರಿಂದ ನಕಲು ಮಾಡಿಸಿಕೊಂಡದ್ದು, ಮುಚ್ಚಿಹೋದ ವಿಡಿಯೊ ಅಂಗಡಿಯಿಂದ ಗೋಣಿಚೀಲದಲ್ಲಿ ಹೊತ್ತು ತಂದದ್ದು. ಡಾಕ್ಟರು ನಲವತ್ತು ವರ್ಷ ಕೂಡಿಟ್ಟ ಈ ಮನೆಯ ಸಿನಿಮಾಗಳಿಗೆಲ್ಲ ಒಂದೊಂದು ಚೀಟಿ ಬರೆದು, ಪಟ್ಟಿ ಮಾಡುತ್ತಿರುವವರು ಒಬ್ಬರೇ ಒಬ್ಬರು, ಅರವತ್ತೊಂದು ವರ್ಷದ ಡೋಬ್ರಿನಾ. ಒಂಬತ್ತು ಗಂಟೆಗೆ ಅವರು ಊರಿನ ಓದುಮನೆಯಲ್ಲಿ, ಎಂದರೆ ಪುಸ್ತಕ, ನಾಟಕ, ಕುಣಿತ ಎಲ್ಲಕ್ಕೂ ಇರುವ ಊರಭವನದಲ್ಲಿ, ನೆಲ ಒರೆಸಲು ಹಾಜರಿರಬೇಕು. ಸಿನಿಮಾದ ಕೆಲಸವೆಲ್ಲ ಅದಕ್ಕೆ ಮುಂಚೆ.

ಇವತ್ತಿನ ಮೊದಲ ಟೇಪು 'ಉಪ್ಪಿನ ದೋಣಿ'. ಡೋಬ್ರಿನಾ ಮೊದಲು ಯಂತ್ರದ ಬಾಯಿ ನೋಡುತ್ತಾರೆ. ಅದಕ್ಕೆ ಡಾಕ್ಟರ ಡಬ್ಬಿಯಲ್ಲೇ ಸಿಕ್ಕ, ಹಲ್ಲು ನೋಡುವ ಪುಟ್ಟ ಕನ್ನಡಿ ಇದೆ. ಹತ್ತಿಗೆ ಸ್ಪಿರಿಟ್ಟು ಅದ್ದಿ ಒಳಗಿನ ಧೂಳು ಒರೆಸಿ, ಟೇಪು ತೂರಿಸಿ, ಯಂತ್ರದ ನಿಮಿಷದ ಎಣಿಕೆಯನ್ನು ಸೊನ್ನೆಗೆ ತರುತ್ತಾರೆ. ಪರದೆಯ ಮೇಲೆ ಬಂದ ಹೆಸರುಗಳನ್ನೆಲ್ಲ ಬಂದ ಹಾಗೆಯೇ ಬರೆದುಕೊಳ್ಳುತ್ತಾರೆ. ಆಮೇಲೆ ವೇಗವಾಗಿ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ, ಕೊನೆಯ ಚಿತ್ರ ಕಪ್ಪಾಗುವವರೆಗೂ ಏಳುವುದಿಲ್ಲ. ಚೀಟಿಯಲ್ಲಿ ಬೀಳುವುದು: ಎಪ್ಪತ್ತೊಂಬತ್ತು ನಿಮಿಷ, ಇಪ್ಪತ್ತು ಸೆಕೆಂಡು. ಮದುವೆಯ ದೃಶ್ಯ ಇಲ್ಲ.

ಅದಾದ ಮೇಲೆಯೇ ಅವರು ಓದುಮನೆಯಿಂದ ಕೊಟ್ಟ ಹಳೆಯ ಲ್ಯಾಪ್‌ಟಾಪನ್ನು ತೆರೆಯುವುದು. ಸಿನಿಮಾಗಳ ಮಾಹಿತಿ ಇಟ್ಟಿರುವ ನಾಲ್ಕು ಜಾಲತಾಣಗಳನ್ನು ಒಂದಾದ ಮೇಲೊಂದು ನೋಡುತ್ತಾರೆ. ಒಂದರ ಪ್ರಕಾರ 'ಉಪ್ಪಿನ ದೋಣಿ' ೧೯೭೧ರದ್ದು, ತೊಂಬತ್ತು ನಿಮಿಷದ್ದು. ಇನ್ನೊಂದರ ಪ್ರಕಾರ ೧೯೭೩, ಎಂಬತ್ತಾರು ನಿಮಿಷ. ಮೂರನೆಯದು ತೊಂಬತ್ತನಾಲ್ಕು ನಿಮಿಷ ಎನ್ನುತ್ತದೆ. ನಾಲ್ಕನೆಯದರಲ್ಲಿ ಈ ಸಿನಿಮಾದ ನಿರ್ದೇಶಕ ಬೇರೆ ಯಾರೋ.

"ಒಬ್ಬ ಚಿತ್ರೀಕರಣ ಮುಗಿದ ವರ್ಷ ಬರೀತಾನೆ, ಇನ್ನೊಬ್ಬ ತೆರೆಗೆ ಬಂದ ವರ್ಷ. ಅದನ್ನ ನಾನು ಕ್ಷಮಿಸ್ತೀನಿ," ಎನ್ನುತ್ತಾರೆ ಡೋಬ್ರಿನಾ. "ಟಿ.ವಿಯಲ್ಲಿ ಸಿನಿಮಾ ಸ್ವಲ್ಪ ಬೇಗ ಓಡುತ್ತೆ. ಥಿಯೇಟರಿನ ತೊಂಬತ್ತು ನಿಮಿಷ ಟಿ.ವಿಗೆ ಬಂದ್ರೆ ಎಂಬತ್ತಾರು. ಅದನ್ನೂ ಕ್ಷಮಿಸ್ತೀನಿ. ತೊಂಬತ್ತನಾಲ್ಕು ಎಲ್ಲಿಂದ ಬಂತು? ಯಾರೂ ನೋಡಿಲ್ಲ. ಮುಂದಿನ ಕುರಿಯ ಬಾಲ ನೋಡ್ಕೊಂಡು ಹಿಂದಿನ ಕುರಿ. ನಾಲ್ಕು ಕಡೆ ಬರೆದಿದ್ದಾರೆ, ನಾಲ್ಕೂ ಕಡೆ ಅಂತೆ, ಕಂತೆ."

ನಿಜವಾಗಿ ನಡೆದದ್ದೇನೆಂದರೆ, ಯಾವುದೋ ಕಾಲದಲ್ಲಿ ಯಾವನೋ ಅಧಿಕಾರಿಗೆ ಆ ಮದುವೆಯ ದೃಶ್ಯದಲ್ಲಿ ಪಾದ್ರಿ ಕಂಡದ್ದು ಹಿಡಿಸಲಿಲ್ಲ. ಏಳು ನಿಮಿಷ ಕತ್ತರಿಸಿದರು. ಡಾಕ್ಟರು ಹಿಡಿದಿಟ್ಟದ್ದು ಕತ್ತರಿಸಿದ ಪ್ರತಿ. ಕತ್ತರಿಸದ ಪ್ರತಿಯೂ ಇದೇ ಮನೆಯಲ್ಲಿದೆ, ಎರಡು ಹಲಗೆ ಕೆಳಗೆ. ಜಾಲತಾಣಕ್ಕೆ ಎರಡೂ ಒಂದೇ ಸಿನಿಮಾ.

ಡೋಬ್ರಿನಾ ಸಿನಿಮಾ ಕಲಿತವರಲ್ಲ. ಹತ್ತೊಂಬತ್ತು ವರ್ಷ ಇದೇ ಊರಿನ ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಯ ಕಾಲರು ಹೊಲಿದವರು. ಕಾರ್ಖಾನೆ ಮುಚ್ಚಿತು. ಆಮೇಲೆ ಏಳು ವರ್ಷ ಇಟಲಿಯ ಬಾರಿಯಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಂಡರು. ಊರ ಹೆಂಗಸರಲ್ಲಿ ಅರ್ಧಕ್ಕರ್ಧ ಹಾಗೆ ಹೋಗಿ ಬಂದವರೇ. ಅವರು ಅಲ್ಲಿದ್ದಾಗಲೇ ಇಲ್ಲಿ ಗಂಡ ತೀರಿಹೋದ. ಮಣ್ಣಿಗೆ ಬರಲಾಗಲಿಲ್ಲ. ನಲವತ್ತನೆಯ ದಿನಕ್ಕೆ ಬಂದರು. ಹಿಂದಿರುಗಿದ ಮೇಲೆ ಓದುಮನೆಯ ನೆಲ ಒರೆಸುವ ಕೆಲಸ ಸಿಕ್ಕಿತು, ವಾರಕ್ಕೆರಡು ದಿನ ಡಾಕ್ಟರ ಮನೆ ಗುಡಿಸುವ ಕೆಲಸವೂ ಸಿಕ್ಕಿತು.

ಡಾಕ್ಟರು ಮೆತೋದಿಗೆ ಹೆಂಡತಿ ಮಕ್ಕಳಿರಲಿಲ್ಲ. ನಾಲಿಗೆ ಹರಿತ. "ಏ ಡೋಬ್ರಿನಾ, ಧೂಳು ಹೊಡೆಯೋ ಮುಂಚೆ ಮೇಲೇನು ಬರೆದಿದೆ ಓದು. ಹಿಂದುಮುಂದಾಗಿಟ್ರೆ ನಿನ್ನ ದವಡೆ ಹಲ್ಲು ಕಿತ್ತುಬಿಡ್ತೀನಿ" ಎನ್ನುತ್ತಿದ್ದರು. ಒಂಬತ್ತು ವರ್ಷ ಧೂಳು ಹೊಡೆಯುತ್ತ ಹೊಡೆಯುತ್ತ ಡೋಬ್ರಿನಾ ಎಲ್ಲ ಹೆಸರನ್ನೂ ಓದಿದರು. ಕಡೆಯ ಎರಡು ವರ್ಷ ಡಾಕ್ಟರಿಗೆ ಕಣ್ಣು ಮಂಜಾದಾಗ, ಜೊತೆಯಲ್ಲಿ ಕೂತು ನೋಡಿ, ನಡೆಯುತ್ತಿರುವುದನ್ನು ಹೇಳಿದರು. ಅವರಿಂದ ಕಲಿತ ಒಂದೇ ಒಂದು ಪಾಠವನ್ನು ಡೋಬ್ರಿನಾ ಇಂದಿಗೂ ಡಾಕ್ಟರ ದನಿಯಲ್ಲೇ ಹೇಳುತ್ತಾರೆ: "ಬಾಯಿ ತೆರೆಸಿ ನೋಡದೆ ಹಲ್ಲಿನ ವಿಷಯ ಮಾತಾಡೋನು ಡಾಕ್ಟರಲ್ಲ, ಹರಟೆಮಲ್ಲ."

ಸಾಯುವ ಮುಂಚೆ ಡಾಕ್ಟರು ಸಿನಿಮಾಗಳನ್ನು ಓದುಮನೆಗೆ ಬರೆದರು. ಓದುಮನೆಯಲ್ಲಿ ಇಡಲು ಜಾಗವಿಲ್ಲ. ದೊಡ್ಡ ಊರಿನ ಗ್ರಂಥಾಲಯವೊಂದು ತೆಗೆದುಕೊಳ್ಳಲು ಒಪ್ಪಿತು, ಆದರೆ ಒಂದು ಷರತ್ತು ಹಾಕಿತು: ಕಂಪ್ಯೂಟರಿನ ಪಟ್ಟಿಯಲ್ಲಿ ಪೂರ್ತಿ ದಾಖಲಾದದ್ದು ಮಾತ್ರ ಒಳಗೆ. ವರ್ಷ, ಉದ್ದ, ನಿರ್ದೇಶಕ, ನಟರು, ನಟರ ಹುಟ್ಟುಸಾವು, ನಮೂನೆಯ ಒಂದು ಮನೆ ಖಾಲಿ ಬಿಟ್ಟರೂ ಕಂಪ್ಯೂಟರು ಮುಂದಕ್ಕೆ ಹೋಗುವುದಿಲ್ಲ. ಡಾಕ್ಟರ ತಂಗಿಯ ಮಗಳು ವಿಯೆನ್ನಾದಲ್ಲಿದ್ದಾಳೆ. ಅವಳು ಈ ಮನೆಯನ್ನು ಮಾರಿಯಾಗಿದೆ. ಕೊಂಡವರಿಗೆ ಕೀಲಿಕೈ ಕೊಡುವ ಗಡುವು ಅಕ್ಟೋಬರ್ ಇಪ್ಪತ್ತಾರು, ಸಂತ ದಿಮಿತರ್ ಹಬ್ಬದ ದಿನ. ಹಿಂದಿನ ಕಾಲದಲ್ಲಿ ಆಳುಕಾಳುಗಳ ಕರಾರು ಮುಗಿದು ಅವರವರ ದಾರಿ ಹಿಡಿಯುತ್ತಿದ್ದದ್ದೂ ಅದೇ ಹಬ್ಬಕ್ಕೆ. ಅಂದು ಮಧ್ಯಾಹ್ನ ರದ್ದಿ ಲಾರಿ ಬರುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಲಾರಿಗೆ.

ಒಂದು ಬೆಳಗಿಗೆ ಆರು ಟೇಪು ಅವರ ಲೆಕ್ಕ. ವಾರಕ್ಕೆ ಆರು ಬೆಳಗು. ಹಿಂದಿನ ವರ್ಷದ ಫೆಬ್ರವರಿಯಿಂದ ಇವತ್ತಿನವರೆಗೆ ನೋಡಿ ಬರೆದದ್ದು ಎರಡು ಸಾವಿರದ ಆರುನೂರ ಹದಿನಾಲ್ಕು. ಉಳಿದದ್ದು ಐನೂರ ಇಪ್ಪತ್ತಾರು. ಹಬ್ಬಕ್ಕೆ ಇನ್ನು ಹನ್ನೆರಡು ಬೆಳಗು. ಹನ್ನೆರಡಾರಲೆ ಎಪ್ಪತ್ತೆರಡು. ಮಿಕ್ಕ ನಾನೂರ ಐವತ್ತನಾಲ್ಕರ ಗತಿ ಏನು ಎಂದು ಕೇಳಿದರೆ ಡೋಬ್ರಿನಾ ಥರ್ಮಾಸಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿಕೊಳ್ಳುತ್ತಾರೆ.

ಹಾಗೆಂದು ಸುಲಭದ ದಾರಿ ಇಲ್ಲವೆಂದಲ್ಲ. ಓದುಮನೆಯ ಕಾರ್ಯದರ್ಶಿ ಗೆರ್ಗಾನಾ ಒಂದು ವರ್ಷದಿಂದ ಅದನ್ನೇ ಹೇಳುತ್ತಿದ್ದಾಳೆ. ಗೆರ್ಗಾನಾ ನಲವತ್ತರ ಹೆಂಗಸು, ಕೆಟ್ಟವಳಲ್ಲ. ಓದುಮನೆಯ ಸೋರುವ ಮಾಡು, ನೃತ್ಯದ ತಂಡ, ಸರ್ಕಾರಕ್ಕೆ ಕಳಿಸುವ ವರದಿ, ಎಲ್ಲ ಅವಳ ತಲೆಯ ಮೇಲೆಯೇ. ಪಟ್ಟಿ ಮಾಡುವ ತಂತ್ರಾಂಶದಲ್ಲಿ 'ತುಂಬು' ಎಂಬ ಗುಂಡಿಯೊಂದಿದೆ. ಸಿನಿಮಾದ ಹೆಸರು ಹಾಕಿ ಅದನ್ನು ಒತ್ತಿದರೆ ಸಾಕು, ಕಂಪ್ಯೂಟರು ಜಾಲತಾಣಗಳಿಂದ ತಾನೇ ಎಲ್ಲವನ್ನೂ ಹೆಕ್ಕಿ ತಂದು ಖಾಲಿ ಮನೆಗಳನ್ನು ಭರ್ತಿ ಮಾಡುತ್ತದೆ. ದಿನಕ್ಕೆ ಇನ್ನೂರು ಮಾಡಬಹುದು.

"ನೋಡಿ ಲೆಲ್ಯಾ," ಎಂದಳು ಗೆರ್ಗಾನಾ ಒಂದು ದಿನ. ಊರಿನ ಕಿರಿಯರಿಗೆಲ್ಲ ಡೋಬ್ರಿನಾ ಲೆಲ್ಯಾ, ಎಂದರೆ ಚಿಕ್ಕಮ್ಮ. "ಈಗ ನೋಡಿ, ಒತ್ತಿದೆ. ಆಯ್ತು! ನೀವು ಒಂದು ಬೆಳಿಗ್ಗೆಯೆಲ್ಲ ಮಾಡೋದು ಇದು ಸೀನೋಷ್ಟರಲ್ಲಿ ಮಾಡುತ್ತೆ."

"ಸೀನಿದ ಹಾಗೇ ಇದೆ," ಎಂದರು ಡೋಬ್ರಿನಾ ಕನ್ನಡಕ ಏರಿಸುತ್ತ. "ಇದೇನಮ್ಮ ಇದು? ಎವ್ದೋಕಿಯಾ ಸ್ಪಾಸೋವಾ, ಸತ್ತದ್ದು ೨೦೦೯?"

"ಯಾರವರು?"

"ಬಕೆಟ್ಟು ಹಿಡಿದ ನೆರೆಮನೆಯವಳು. ಎಲ್ಲ ಸಿನಿಮಾದಲ್ಲೂ ಬಕೆಟ್ಟು ಹಿಡ್ಕೊಂಡು ಬಂದು 'ಅಯ್ಯೋ ದೇವರೇ' ಅಂತಾಳಲ್ಲ, ಅವಳು. ನಮ್ಮೂರವಳೇ. ಸತ್ತಿಲ್ಲ ಕಣೆ."

"ನಿಮಗೆ ಹೇಗೆ ಗೊತ್ತು?"

"ಬಾಗಿಲ ಮೇಲೆ ಚೀಟಿ ಇಲ್ಲ."

ಡೋಬ್ರಿನಾ ಕೆಲಸ ಮಾಡುವ ರೀತಿಯೇ ಹಾಗೆ. ನಮ್ಮಲ್ಲಿ ಸತ್ತವರ ಚೀಟಿ ಬಾಗಿಲಿಗೆ, ಮರಕ್ಕೆ, ಬಸ್ ನಿಲ್ದಾಣದ ಕಂಬಕ್ಕೆ ಬೀಳುತ್ತದೆ. ನಲವತ್ತು ದಿನಕ್ಕೊಂದು, ಆರು ತಿಂಗಳಿಗೊಂದು, ವರ್ಷ ವರ್ಷವೂ ಒಂದೊಂದು. ಅಲ್ಲಿ ದಿನಾಂಕ ತಪ್ಪಿದರೆ ನೆಂಟರು ಬಿಡುತ್ತಾರೆಯೇ? ಊರಿನವರಾದ ನಟರು, ಬಣ್ಣ ಹಚ್ಚುವವರು, ಕುದುರೆ ನೋಡಿಕೊಂಡವರು, ಸಂಗೀತದ ತಂಡದವರು, ಯಾರ ಸಾವಿನ ವರ್ಷದಲ್ಲಿ ಜಾಲತಾಣಗಳಿಗೆ ಹೊಂದಾಣಿಕೆ ಇಲ್ಲವೋ ಅವರ ಬಾಗಿಲಿಗೆ ಡೋಬ್ರಿನಾ ಹೋಗಿ ಚೀಟಿ ಓದಿ ಬರುತ್ತಾರೆ. ಹಾಗೆ ಸರಿಪಡಿಸಿದ ಸಾವುಗಳೇ ಮೂವತ್ತೊಂದು.

ಎವ್ದೋಕಿಯಾಳ ಬಾಗಿಲಲ್ಲಿ ಇದ್ದದ್ದು ಅವಳ ಗಂಡ ಹ್ರಿಸ್ತೋನ ಚೀಟಿ ಒಂದೇ. ಡೋಬ್ರಿನಾ ಬಾಗಿಲು ಬಡಿದರು. ಬಹಳ ಹೊತ್ತಿಗೆ ಎಂಬತ್ತೇಳು ವರ್ಷದ ಕುಳ್ಳಗಿನ ಹೆಂಗಸು ಬಂದು ತೆರೆದಳು, ಕೈಯಲ್ಲಿ ಸೌಟು.

"ತಪ್ಪು ತಿಳೀಬೇಡಿ ಅಜ್ಜಿ," ಎಂದರು ಡೋಬ್ರಿನಾ. "ಕಂಪ್ಯೂಟರಿನಲ್ಲಿ ನೀವು ತೀರಿಹೋಗಿದ್ದೀರಿ ಅಂತ ಬರೆದಿದೆ. ನೋಡ್ಕೊಂಡು ಹೋಗೋಣ ಅಂತ ಬಂದೆ."

"ಬಂದ್ಯಾ? ಬರಿಗೈಯಲ್ಲಿ ಬಂದ್ಯಾ? ಸತ್ತವರ ಮನೆಗೆ ಹೂ ತರಬೇಕು ಅಂತ ನಿಮ್ಮಮ್ಮ ಹೇಳಿಕೊಡಲಿಲ್ವಾ? ಚಪ್ಪಲಿ ಬಿಟ್ಟು ಒಳಗೆ ಬಾ, ಒಲೆ ಮೇಲೆ ಸಿಹಿ ಇದೆ, ತಳ ಹಿಡಿಯುತ್ತೆ."

ಕ್ವಿನ್ಸ್ ಹಣ್ಣಿನ ಪಾಕವನ್ನು ಚಮಚದಲ್ಲಿ ತಿನ್ನುತ್ತ ಡೋಬ್ರಿನಾ ಇಡೀ ಕತೆ ಕೇಳಿಕೊಂಡರು. ಹ್ರಿಸ್ತೋ ಸತ್ತದ್ದು ೨೦೦೯ರಲ್ಲಿ. ನಮ್ಮ ಪದ್ಧತಿಯಂತೆ ಎವ್ದೋಕಿಯಾ ಜೋಡಿ ಕಲ್ಲು ಹಾಕಿಸಿದಳು. ಗಂಡನ ಮುಖದ ಪಕ್ಕದಲ್ಲಿ ತನ್ನದೂ ಮುಖ ಕೆತ್ತಿಸಿ, ಕೆಳಗೆ ತನ್ನ ಹೆಸರು, ೧೯೩೭, ಒಂದು ಅಡ್ಡಗೆರೆ. ಗೆರೆಯ ಮುಂದಿನದನ್ನು ಆಮೇಲೆ ಇದ್ದವರು ಕೆತ್ತಿಸಬೇಕು. ಯಾವನೋ ಸಿನಿಮಾ ಹುಚ್ಚ ಸ್ಮಶಾನಕ್ಕೆ ಬಂದು ಕಲ್ಲಿನ ಫೋಟೊ ಹೊಡೆದುಕೊಂಡು ಹೋದ. ಕಲ್ಲಿನ ಮೇಲೆ ಇಬ್ಬರ ಮುಖ, ಸಾವಿನ ವರ್ಷ ಒಂದೇ. ಇಬ್ಬರೂ ಒಟ್ಟಿಗೇ ಹೋಗಿರಬೇಕು ಎಂದುಕೊಂಡು ಜಾಲತಾಣಕ್ಕೆ ಏರಿಸಿಬಿಟ್ಟ. ಇನ್ನೊಂದು ತಾಣ ಅದನ್ನು ನಕಲು ಮಾಡಿತು. ಮೂರನೆಯದು ಎಲ್ಲಿಂದಲೋ ೨೦೧೧ ಎಂದಿತು. ನಾಲ್ಕನೆಯದು ಅವಳನ್ನು ಬದುಕಿಸಿ ಇಟ್ಟಿದೆ, ಆದರೆ ಹುಟ್ಟಿದ ವರ್ಷ ೧೯೨೭.

"ಒಬ್ಬ ಕೊಲ್ತಾನೆ, ಇನ್ನೊಬ್ಬ ಹತ್ತು ವರ್ಷ ಮುದುಕಿ ಮಾಡ್ತಾನೆ," ಎಂದಳು ಎವ್ದೋಕಿಯಾ. "ಕೊಂದವನೇ ವಾಸಿ." ನಕ್ಕಳು. ಆಮೇಲೆ ಸೌಟು ಕೆಳಗಿಟ್ಟು ಮೆಲ್ಲಗೆ ಕೇಳಿದಳು: "ಅದಕ್ಕೇ ಇರಬೇಕು ನೋಡು. ಐದು ವರ್ಷದ ಹಿಂದೆ ರಾಜಧಾನಿಯಲ್ಲಿ ಹಳಬರನ್ನೆಲ್ಲ ಕರೆದು ಶಾಲು ಹೊದಿಸಿದರು. ನನ್ನ ಜೊತೆ ಮಾಡಿದೋರಿಗೆಲ್ಲ ಕಾಗದ ಬಂತು. ನನಗೆ ಬರಲಿಲ್ಲ. ಮರೆತರು ಅಂದ್ಕೊಂಡೆ. ಸತ್ತೋರಿಗೆ ಯಾರು ಕಾಗದ ಹಾಕ್ತಾರೆ?"

ಡೋಬ್ರಿನಾ ಆ ದಿನ ಓದುಮನೆಗೆ ತಡವಾಗಿ ಹೋದರು. ಹತ್ತು ವರ್ಷದಲ್ಲಿ ಅದೇ ಮೊದಲು.

ಮುಂದಿನ ಒಂಬತ್ತು ಬೆಳಗು ಟೇಪು ಮುಟ್ಟಲಿಲ್ಲ. ನಾಲ್ಕು ತಾಣಗಳಿಗೂ ಕಾಗದ ಬರೆದರು. ಮೂರರಿಂದ ಉತ್ತರವೇ ಇಲ್ಲ. ಒಂದರಲ್ಲಿ ತಾವೇ ತಿದ್ದಲು ಅವಕಾಶವಿತ್ತು. ತಿದ್ದಿದರು. ಮರುದಿನ ನೋಡಿದರೆ ಎವ್ದೋಕಿಯಾ ಮತ್ತೆ ಸತ್ತಿದ್ದಳು. 'ಆಧಾರ ಕೊಡಿ' ಎಂದು ಸೂಚನೆ. ಎವ್ದೋಕಿಯಾಳನ್ನು ಕುರ್ಚಿಯ ಮೇಲೆ ಕೂರಿಸಿ, ಕೈಗೆ ಅವತ್ತಿನ ಪತ್ರಿಕೆ ಕೊಟ್ಟು ಫೋಟೊ ತೆಗೆದು ಕಳಿಸಿದರು. ಉತ್ತರ ಬಂತು: ಖಾಸಗಿ ಫೋಟೊ ಆಧಾರವಲ್ಲ. ಸಮಾಧಿಯ ಕಲ್ಲಿನ ಚಿತ್ರ ಆಧಾರವಾಗಿ ಈಗಾಗಲೇ ಇದೆ. ಅಚ್ಚಾದ ಬರಹ ಇದ್ದರೆ ಪರಿಶೀಲಿಸಲಾಗುವುದು.

"ಕಲ್ಲು ಹೇಳಿದ್ದು ಸಾಕ್ಷಿ, ಕಲ್ಲಿನ ಯಜಮಾನಿ ಹೇಳಿದ್ದು ಹರಟೆ," ಎನ್ನುತ್ತಾರೆ ಡೋಬ್ರಿನಾ. "ಸತ್ತವರಿಗೆ ಕಂಬಕ್ಕೊಂದು ಕಾಗದ ಇದೆ. ಬದುಕಿರೋರಿಗೆ ಬದುಕಿದ್ದಾರೆ ಅಂತ ಯಾರು ಕಾಗದ ಅಂಟಿಸ್ತಾರೆ ಹೇಳಿ?"

ಅಚ್ಚಾದ ಬರಹ ಬೇಕೆಂದರಲ್ಲ. ಇದೋ ಅಚ್ಚಾಗಲಿ: ಎವ್ದೋಕಿಯಾ ಸ್ಪಾಸೋವಾ ಈ ಅಕ್ಟೋಬರ್ ತಿಂಗಳ ಎರಡನೆಯ ವಾರದಲ್ಲಿ ಬದುಕಿದ್ದಾಳೆ, ಪಾಕ ಮಾಡುತ್ತಿದ್ದಾಳೆ, ಬರಿಗೈಯಲ್ಲಿ ಬಂದವರನ್ನು ಬೈಯುತ್ತಿದ್ದಾಳೆ. ಇದನ್ನಾದರೂ ಅವರು ಒಪ್ಪುತ್ತಾರೋ ಇಲ್ಲವೋ, ಹೇಳಬರುವುದಿಲ್ಲ.

ಡೋಬ್ರಿನಾರ ಪಟ್ಟಿಯಲ್ಲಿ ಮಾತ್ರ ಅವಳು ಬದುಕಿದ್ದಾಳೆ. ಅವಳಿರುವ ಹನ್ನೊಂದು ಸಿನಿಮಾಗಳ ದಾಖಲೆಯಲ್ಲೂ ಹಾಗೇ ಬರೆದಿದೆ. ಅದಕ್ಕೆ ತೆತ್ತದ್ದು ಒಂಬತ್ತು ಬೆಳಗು, ಐವತ್ತನಾಲ್ಕು ಟೇಪು. ಗೆರ್ಗಾನಾ ಅದನ್ನು ಮರೆತಿಲ್ಲ.

"ಒಬ್ಬ ಅಜ್ಜಿಯ ಒಂದು ತಾರೀಕಿಗೆ ಐವತ್ತನಾಲ್ಕು ಸಿನಿಮಾ ಲಾರಿಗೆ ಹಾಕಿದ್ರಿ ಲೆಲ್ಯಾ," ಎನ್ನುತ್ತಾಳೆ. ಓದುಮನೆಯ ಕಚೇರಿ, ಅದೇ ಶನಿವಾರ ಹತ್ತು ಗಂಟೆ. ಡೋಬ್ರಿನಾ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ಕೂತಿದ್ದಾರೆ. "ಆ ಐವತ್ತನಾಲ್ಕರಲ್ಲೂ ಯಾರೋ ಇದ್ದಾರಲ್ವಾ? ಅವರ ಮುಖ ಇನ್ನು ಯಾರೂ ನೋಡೋ ಹಾಗಿಲ್ಲ. ವರ್ಷ ಹಿಂದುಮುಂದಾದ್ರೆ ಯಾರೂ ಸಾಯಲ್ಲ. ಲಾರಿಗೆ ಹೋದ್ರೆ ಪೂರ್ತಿ ಸತ್ತ ಹಾಗೆ."

ಇಪ್ಪತ್ತು ತಿಂಗಳಲ್ಲಿ ಗೆರ್ಗಾನಾ ಆಡಿದ ನೂರು ಮಾತಿಗೆ ನೂರು ತಿರುಗೇಟು ಕೊಟ್ಟವರು, ಇದೊಂದು ಮಾತಿಗೆ ನೆಲ ನೋಡುತ್ತಾರೆ. ಆ ರಾತ್ರಿಯಿಡೀ ಇದನ್ನೇ ಮೆಲುಕು ಹಾಕಿದೆ ಎಂದು ಆಮೇಲೆ ಹೇಳಿದರು. ಡಾಕ್ಟರಿದ್ದಿದ್ದರೆ ಏನೆನ್ನುತ್ತಿದ್ದರು? ಹುಳುಕು ಹಲ್ಲಾದರೂ ಬಾಯಲ್ಲಿರಲಿ ಎನ್ನುತ್ತಿದ್ದರೋ, ಕಿತ್ತೆಸೆ ಎನ್ನುತ್ತಿದ್ದರೋ? ಅವರು ಎರಡನ್ನೂ ಹೇಳುವ ಜಾತಿ, ಎದುರಿಗೆ ಕೂತ ರೋಗಿಯನ್ನು ನೋಡಿಕೊಂಡು.

ಟೇಪು ನೋಡದ ದಿನವಾದ ಭಾನುವಾರ ನಸುಕಿಗೇ ಡೋಬ್ರಿನಾ ಉಳಿದ ಐನೂರ ಇಪ್ಪತ್ತಾರನ್ನೂ ಹಲಗೆಯಿಂದ ಇಳಿಸಿ ನೆಲದ ಮೇಲೆ ಹರಡುತ್ತಾರೆ. ಒಂದೊಂದರ ಹೆಸರನ್ನೂ ನಾಲ್ಕು ತಾಣಗಳಲ್ಲಿ ಹುಡುಕುತ್ತಾರೆ. ಯಾವುದರ ಸುದ್ದಿಯೇ ಎಲ್ಲೂ ಇಲ್ಲವೋ ಅದು ಬಲಕ್ಕೆ. ಯಾವುದರಲ್ಲಿ ನಾಲ್ವರೂ ನಾಲ್ಕು ದಾರಿ ಹಿಡಿದಿದ್ದಾರೋ ಅದೂ ಬಲಕ್ಕೆ. ಎಲ್ಲರೂ ಒಂದೇ ಮಾತು ಹೇಳಿದ್ದು ಎಡಕ್ಕೆ. ಬಲಗಡೆಯ ಗುಡ್ಡೆಯಿಂದ, ಸುದ್ದಿಯೇ ಇಲ್ಲದ್ದನ್ನೆಲ್ಲ ಮೊದಲು ತೆಗೆದುಕೊಂಡು, ಎಪ್ಪತ್ತೆರಡನ್ನು ಆರಿಸಿಕೊಳ್ಳುತ್ತಾರೆ, ಉಳಿದ ಬೆಳಗುಗಳಲ್ಲಿ ನೋಡಲು. ಆರಿಸಿ ಉಳಿದದ್ದನ್ನು ಎಡಗಡೆಯ ಗುಡ್ಡೆಗೆ ಸೇರಿಸುತ್ತಾರೆ.

"ಎಲ್ಲರೂ ಒಂದೇ ಹೇಳಿದ್ದು ನಿಜ ಇರಬಹುದಲ್ವಾ ಅಂತ ಗೆರ್ಗಾನಾ ಕೇಳ್ತಾಳೆ," ಎನ್ನುತ್ತಾರೆ ಮಂಡಿ ಹಿಡಿದುಕೊಂಡು ಏಳುತ್ತ. "ಇರಬಹುದು. ನಾಲ್ಕು ಜನ ಸೇರಿ ಒಂದೇ ಸುಳ್ಳು ಹೇಳಿದ್ರೂ ಹೀಗೇ ಕಾಣುತ್ತೆ. ಜಗಳ ಆಡೋರನ್ನ ಹಿಡೀಬಹುದು. ಒಗ್ಗಟ್ಟಾಗಿರೋರನ್ನ ಹ್ಯಾಗೆ ಹಿಡಿಯೋದು?"

ಹೋದ ವರ್ಷ ಅಂಥದ್ದೊಂದು ಸಿಕ್ಕಿತ್ತು. ನಾಲ್ಕೂ ತಾಣಗಳು ಒಮ್ಮತದಿಂದ ತೊಂಬತ್ತೆಂಟು ನಿಮಿಷ ಎಂದಿದ್ದವು. ಟೇಪು ಹಾಕಿ ನೋಡಿದರೆ ನಾಯಕ ಕುದುರೆ ಏರಿ ಗುಡ್ಡದಂಚಿಗೆ ಬರುತ್ತಾನೆ, ಕೆಳಗೆ ವೈರಿಗಳ ದಂಡು ಕಾಣುತ್ತದೆ, ಅಷ್ಟರಲ್ಲಿ ಇದ್ದಕ್ಕಿದ್ದಂತೆ ಫುಟ್‌ಬಾಲು. ಡಾಕ್ಟರು ಯಾವಾಗಲೋ ಮರೆತು ಅದೇ ಟೇಪಿನ ಮೇಲೆ ಪಂದ್ಯ ಹಿಡಿದಿದ್ದರು. ಆ ಚೀಟಿಯಲ್ಲಿ ಡೋಬ್ರಿನಾ ಬರೆದದ್ದು: ಎಪ್ಪತ್ತೊಂದು ನಿಮಿಷ ಸಿನಿಮಾ, ಆಮೇಲೆ ಎರಡು ಗೋಲು. ಗುಂಡಿ ಒತ್ತಿದ್ದರೆ ಗ್ರಂಥಾಲಯದಲ್ಲಿ ಪೂರ್ತಿ ಸಿನಿಮಾ ಇದೆ ಎಂದು ಯಾರಾದರೂ ನಂಬಿ ಬರುತ್ತಿದ್ದರು.

ಸೋಮವಾರ ಕೆಲಸ ಮುಗಿದ ಮೇಲೆ ಡೋಬ್ರಿನಾ ಗೆರ್ಗಾನಾಳ ಕುರ್ಚಿಯಲ್ಲಿ ಕೂರುತ್ತಾರೆ. ನಾನೂರ ಐವತ್ತನಾಲ್ಕು ಹೆಸರುಗಳ ಉದ್ದನೆಯ ಹಾಳೆ ಮಡಿಲಲ್ಲಿ. ಮೊದಲ ಹೆಸರು ಹಾಕುತ್ತಾರೆ. ಬೆರಳು ಗುಂಡಿಯ ಮೇಲೆ ಸುಮ್ಮನೆ ನಿಲ್ಲುತ್ತದೆ. ಗೆರ್ಗಾನಾ ಕಿಟಕಿಯ ಕಡೆ ತಿರುಗಿ ನಿಂತಿದ್ದಾಳೆ. ಗೆದ್ದೆನೆಂಬ ಕಳೆ ಅವಳ ಮುಖದಲ್ಲಿಲ್ಲ.

ಡೋಬ್ರಿನಾ ಒತ್ತುತ್ತಾರೆ.

ಮನೆಗಳೆಲ್ಲ ತುಂಬುತ್ತವೆ. ವರ್ಷ, ಉದ್ದ, ಹೆಸರು, ಹುಟ್ಟು, ಸಾವು. ಅಡಿಯಲ್ಲಿ 'ಟಿಪ್ಪಣಿ' ಎಂಬ ಒಂದು ಮನೆ ಮಾತ್ರ ಖಾಲಿ ಉಳಿಯುತ್ತದೆ. ಅದನ್ನು ತುಂಬಲೇಬೇಕೆಂಬ ಕಡ್ಡಾಯವಿಲ್ಲ, ಜಾಲತಾಣದಲ್ಲಿ ಅದಕ್ಕೆ ಹಾಕುವಂಥದ್ದೂ ಏನಿಲ್ಲ. ಡೋಬ್ರಿನಾ ಎರಡು ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಅಲ್ಲಿ ಬರೆಯುತ್ತಾರೆ: 'ಡೋಬ್ರಿನಾ ವೆಲ್ಕೋವಾ ಇದನ್ನು ನೋಡಿಲ್ಲ.'

ಎರಡನೆಯದು. ಗುಂಡಿ. 'ಡೋಬ್ರಿನಾ ವೆಲ್ಕೋವಾ ಇದನ್ನು ನೋಡಿಲ್ಲ.' ಮೂರನೆಯದು.

"ಇದೇನು ಲೆಲ್ಯಾ?" ಗೆರ್ಗಾನಾ ಬಗ್ಗಿ ಓದುತ್ತಾಳೆ. "ದೊಡ್ಡ ಗ್ರಂಥಾಲಯದವರು ಏನಂದ್ಕೋತಾರೆ?"

"ಯಾಕೆ, ತಪ್ಪಾಗಿದ್ಯಾ?"

"ತಪ್ಪಲ್ಲ. ಆದ್ರೆ ಎರಡು ಸಾವಿರದ ಆರುನೂರು ನೋಡಿದ್ರಲ್ಲ, ಅದರಲ್ಲಿ ಒಂದರ ಮೇಲಾದ್ರೂ ನಿಮ್ಮ ಹೆಸರಿದ್ಯಾ? ಹಾಕೋದಿದ್ರೆ ಅದರ ಮೇಲೆ ಹಾಕಿ. ಇದೆಲ್ಲಿಯ ನ್ಯಾಯ, ಮಾಡದೇ ಇರೋ ಕೆಲಸದ ಮೇಲೆ ಹೆಸರು?"

ಡೋಬ್ರಿನಾ ಕನ್ನಡಕ ತೆಗೆದು ಮೇಲುಡುಪಿನ ಅಂಚಿಗೆ ಒರೆಸಿಕೊಳ್ಳುತ್ತಾರೆ. "ನೋಡಿದ್ದರ ಮೇಲೆ ಸಿನಿಮಾ ಮಾಡಿದೋರ ಹೆಸರಿದೆ ಮಗಳೇ. ಅದು ಸಾಕು. ನೋಡದೆ ಬರೆದಿದ್ದಕ್ಕೆ ಯಾರಾದ್ರೂ ಒಬ್ಬರು ಹೊಣೆ ಬೇಡ್ವಾ? ಆ ನಾಲ್ಕು ತಾಣದೋರು ಯಾರಾದ್ರೂ ಹೊಣೆ ಹೊತ್ತಿದ್ರೆ ನಾನು ಎವ್ದೋಕಿಯಾ ಬಾಗಿಲು ಬಡಿಯೋದೇ ಬೇಕಿರಲಿಲ್ಲ."

ಗೆರ್ಗಾನಾ ಅಡ್ಡಡ್ಡ ತಲೆಯಾಡಿಸುತ್ತಾಳೆ. ನಮ್ಮಲ್ಲಿ ಅದು ಒಪ್ಪಿಗೆ. ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಹಾಳೆಯಿಂದ ಮುಂದಿನ ಹೆಸರನ್ನು ಗಟ್ಟಿಯಾಗಿ ಓದುತ್ತಾಳೆ.

ವಿದಿನ್‌ನ ಸಿನಿಮಾಗಳು ದೊಡ್ಡ ಊರಿನ ಹಲಗೆಗಳನ್ನು ಏರುತ್ತವೆ. ಅಲ್ಲಿಯ ಪಟ್ಟಿಯಲ್ಲಿ ಡೋಬ್ರಿನಾ ವೆಲ್ಕೋವಾ ಎಂಬ ಹೆಸರು ನಾನೂರ ಐವತ್ತನಾಲ್ಕು ಸಲ ಬರುತ್ತದೆ, ಎಲ್ಲ ಸಲವೂ ಕೆಲಸ ಮಾಡದವಳೆಂದು. ಮಾಡಿದ ಕೆಲಸದ ಮೇಲೆ ಒಂದು ಸಲವೂ ಇಲ್ಲ. ಓದುವವರು ಸೋಮಾರಿ ಹೆಂಗಸು ಎಂದುಕೊಳ್ಳುವುದಿಲ್ಲವೇ ಎಂದರೆ ಡೋಬ್ರಿನಾ ಒರೆಸುವ ಕೋಲನ್ನು ಕೈಗೆತ್ತಿಕೊಳ್ಳುತ್ತಾರೆ. ಕಾರಿಡಾರಿನ ನೆಲ ಇನ್ನೂ ಬಾಕಿ ಇದೆ.

"ಅಂದ್ಕೊಳ್ಳಲಿ ಬಿಡಿ. ತಪ್ಪು ಬರೆದಿದ್ದಾಳೆ ಅಂತ ಬೈಯಲಿ. ಬೈಯೋದಕ್ಕಾದ್ರೂ ಒಬ್ಬರು ಟೇಪು ಹಾ‌ಕಿ ನೋಡಬೇಕಲ್ಲ."